ಗಿರ್ಮಿಟ್ ಗಾಡಿಯ ಆಟ: ಗೋಡೋದಲ್ಲಿ ಲೂಪ್ ಮತ್ತು ಟೈಮರ್ ಬಳಸುವ ಬಗೆ

ಆಟದ ಸ್ಕ್ರಿಪ್ಟ್ ಬರೆಯಲು ಕೂತರೆ ಅರ್ಧಕ್ಕರ್ಧ ಕೆಲಸ ಕಾಯುವುದೇ ಆಗಿರುತ್ತದೆ. ಮಿರ್ಚಿ ಬೇಯುವ ತನಕ, ಬಸ್ ಬರುವ ತನಕ, ಗಿರಾಕಿಗೆ ಬೇಸರ ಬಂದು ಎದ್ದು ಹೋಗುವ ತನಕ. ಚಿತ್ರ ಚೆನ್ನಾಗಿದ್ದು, ಸದ್ದು ಚೆನ್ನಾಗಿದ್ದು, ಆಟ ಮಾತ್ರ ನಡುವೆ ನಡುವೆ ಹೆಪ್ಪುಗಟ್ಟಿದಂತೆ ನಿಂತರೆ, ಅಥವಾ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದು ವೇಗ, ಇನ್ನೊಬ್ಬರದರಲ್ಲಿ ಇನ್ನೊಂದು ವೇಗ ಎಂದಾದರೆ, ತಪ್ಪು ಬಹುತೇಕ ಈ ಕಾಯುವ ಕೋಡಿನಲ್ಲೇ ಸಿಗುತ್ತದೆ.

ಉದಾಹರಣೆಗೆ ಒಂದೇ ಆಟ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ಒಂದು ಗಿರ್ಮಿಟ್ ಗಾಡಿ. ಎದುರಿಗೆ ಬಿಆರ್‌ಟಿಎಸ್ ನಿಲ್ದಾಣ. ಚಿಗರಿ ಬಸ್ ಬಂದಾಗಲೆಲ್ಲ ನಾಲ್ಕು ಜನ ಇಳಿದು ಗಾಡಿಗೆ ಬರುತ್ತಾರೆ. ಆಟಗಾರ ಮಿರ್ಚಿ ಕರಿಯಬೇಕು, ಗಿರ್ಮಿಟ್ ಕಲಸಬೇಕು, ತಾಳ್ಮೆ ತೀರುವ ಮೊದಲು ಪ್ಲೇಟ್ ಕೊಡಬೇಕು. ಹುಬ್ಬಳ್ಳಿ-ಧಾರವಾಡ ನಡುವೆ 2018ರಿಂದ ಓಡುತ್ತಿರುವ ಚಿಗರಿಗೆ ತನ್ನದೇ ದಾರಿ ಇದೆ. ಹಾಗಾಗಿ ಆಟದಲ್ಲಿ ಉಳಿದ ಗಾಡಿಗಳ ದಟ್ಟಣೆ ಬರೆಯುವ ಗೋಜಿಲ್ಲ, ಬಸ್ಸಿಗೆ ಒಂದು ಟೈಮರ್ ಸಾಕು. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಬಸ್ಸಿನ ಬಾಗಿಲನ್ನು ಬಲಗಡೆ ಬಿಡಿಸಿ. ಊರಿನವರು ಆಡಿದರೆ ಇದನ್ನು ಮೊದಲು ನೋಡುತ್ತಾರೆ.

ಬಳಸುವುದು ಆಟ ಕಟ್ಟುವ ಸಾಫ್ಟ್‌ವೇರ್ (ಗೇಮ್ ಎಂಜಿನ್) ಗೋಡೋ 4, ಅದರ ಕೋಡಿನ ಭಾಷೆ ಜಿಡಿಸ್ಕ್ರಿಪ್ಟ್. ಕೆಳಗಿನ ಕೋಡಿನಲ್ಲಿ ಭಾಷೆಯ ಪದಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಫಂಕ್, ವೈಲ್, ಅವೇಟ್ ಮುಂತಾದವನ್ನು ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಾವೇ ಇಡುವ ವೇರಿಯೇಬಲ್ ಹೆಸರುಗಳು ಮಾತ್ರ ಕನ್ನಡದಲ್ಲೇ ಇದ್ದರೂ ಗೋಡೋ 4 ಒಪ್ಪುತ್ತದೆ.

ಯಾವುದೇ ಕಾಯುವಿಕೆಯ ಕೋಡ್ ಬರೆಯುವ ಮೊದಲು ಮೂರು ಪ್ರಶ್ನೆಗೆ ಉತ್ತರ ಗೊತ್ತಿರಲಿ: ಇದನ್ನು ಶುರು ಮಾಡುವವರು ಯಾರು, ನಡುವೆ ನಿಲ್ಲಿಸುವವರು ಯಾರು, ಆಟ ಪಾಸ್ ಆದಾಗ (ಆಟಗಾರ ತಾತ್ಕಾಲಿಕವಾಗಿ ನಿಲ್ಲಿಸಿದಾಗ) ಇದು ನಿಲ್ಲಬೇಕೋ ಓಡಬೇಕೋ. ಶುರು ಮಾಡುವುದು ಎಲ್ಲರಿಗೂ ಬರುತ್ತದೆ. ಆಟ ಕೆಡುವುದು ಉಳಿದೆರಡರಲ್ಲಿ.

ವೈಲ್ ಲೂಪಿನಲ್ಲಿ ಕಾಯಬೇಡಿ

ಗೋಡೋ ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಮೇಲಿನ ಪ್ರತಿ ಚಿತ್ರಕ್ಕೆ, ಒಂದು ಸುತ್ತು ಹಾಕುತ್ತದೆ: ಕೀಬೋರ್ಡ್, ಮೌಸ್ ನೋಡುತ್ತದೆ, ಎಲ್ಲ ನೋಡ್‌ಗಳ (ಆಟದ ಬಿಡಿಭಾಗಗಳ) ಸ್ಕ್ರಿಪ್ಟ್ ಓಡಿಸುತ್ತದೆ, ಚಿತ್ರ ಬಿಡಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡ್. ನಿಮ್ಮ ಫಂಕ್ಷನ್ ಮುಗಿದು ಹಿಂದಿರುಗುವ ತನಕ ಮುಂದಿನ ಸುತ್ತು ಶುರುವಾಗುವುದೇ ಇಲ್ಲ.

ಮಿರ್ಚಿ 8 ಸೆಕೆಂಡ್ ಬೇಯಲಿ ಎಂದು ಇಂಥ ಲೂಪ್ (ಷರತ್ತು ನಿಜವಿರುವ ತನಕ ಮತ್ತೆ ಮತ್ತೆ ಓಡುವ ಕೋಡ್) ಬರೆದರೆ ನೋಡಿ:

    ವೈಲ್ ಹೊತ್ತು < 8.0:
        ಹೊತ್ತು += ಡೆಲ್ಟಾ

ಡೆಲ್ಟಾ ಎಂಬುದು ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಕಳೆದ ಸಮಯ. ಒಂದು ಫ್ರೇಮಿನ ಒಳಗೆ ಅದು ಬದಲಾಗುವುದಿಲ್ಲ. ಲೂಪ್ 0.0167ನ್ನು ಸುಮಾರು 480 ಸಲ ಕೂಡಿಸಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮಿರ್ಚಿ ಎಣ್ಣೆಗೆ ಬಿದ್ದ ಫ್ರೇಮಿನಲ್ಲೇ ಬೆಂದಿರುತ್ತದೆ. ಇದನ್ನು ಸರಿಪಡಿಸಲು ಕೆಲವರು ಕಂಪ್ಯೂಟರಿನ ಗಡಿಯಾರ ಓದುವ ಗೆಟ್_ಟಿಕ್ಸ್_ಎಂಸೆಕ್ ಹಾಕಿ ವೈಲ್ ಲೂಪ್ ಓಡಿಸುತ್ತಾರೆ. ಆಗ 8 ಸೆಕೆಂಡ್ ನಿಜವಾಗಿಯೂ ಕಳೆಯುತ್ತದೆ, ಆದರೆ ಅಷ್ಟೂ ಹೊತ್ತು ಕಿಟಕಿ ಸತ್ತಂತಿರುತ್ತದೆ. ಗಿರಾಕಿ ನಡೆಯುವುದಿಲ್ಲ, ಮೌಸ್ ಒತ್ತಿದ್ದು ಕೇಳುವುದಿಲ್ಲ, ವಿಂಡೋಸ್ ಈ ಪ್ರೋಗ್ರಾಂ ಪ್ರತಿಕ್ರಿಯಿಸುತ್ತಿಲ್ಲ ಎನ್ನುತ್ತದೆ. ಓಎಸ್.ಡಿಲೇ_ಎಂಸೆಕ್ ಹಾಕಿದರೂ ಇದೇ ಗತಿ.

ಲೂಪ್ ಇರುವುದು ಇದೇ ಫ್ರೇಮಿನಲ್ಲಿ ಮುಗಿಸಬೇಕಾದ ಕೆಲಸಕ್ಕೆ: ಸರದಿಯಲ್ಲಿರುವ ಗಿರಾಕಿಗಳನ್ನೆಲ್ಲ ಒಮ್ಮೆ ನೋಡುವುದು, ಬಾಣಲೆಯಲ್ಲಿರುವ ಮಿರ್ಚಿಗಳನ್ನು ಎಣಿಸುವುದು. ಫ್ರೇಮ್ ದಾಟಿ ನಡೆಯುವ ಯಾವುದಕ್ಕೂ ಡೆಲ್ಟಾ, ಟೈಮರ್ ನೋಡ್, ಅವೇಟ್ ಈ ಮೂರರಲ್ಲಿ ಒಂದು ಬೇಕು.

ಮಿರ್ಚಿಗೆ ಡೆಲ್ಟಾ

    ವಾರ್ ಬೆಂದ_ಹೊತ್ತು = 0.0
    ವಾರ್ ಉರಿ = 1.0
    ವಾರ್ ಸ್ಥಿತಿ = "ಹಸಿ"

    ಫಂಕ್ _ಪ್ರೊಸೆಸ್(ಡೆಲ್ಟಾ):
        ಬೆಂದ_ಹೊತ್ತು += ಡೆಲ್ಟಾ * ಉರಿ
        ವಾರ್ ಹೊಸ_ಸ್ಥಿತಿ = "ಹಸಿ"
        ಇಫ್ ಬೆಂದ_ಹೊತ್ತು >= 14.0:
            ಹೊಸ_ಸ್ಥಿತಿ = "ಸೀದಿದೆ"
        ಎಲಿಫ್ ಬೆಂದ_ಹೊತ್ತು >= 8.0:
            ಹೊಸ_ಸ್ಥಿತಿ = "ಬೆಂದಿದೆ"
        ಇಫ್ ಹೊಸ_ಸ್ಥಿತಿ != ಸ್ಥಿತಿ:
            ಸ್ಥಿತಿ = ಹೊಸ_ಸ್ಥಿತಿ
            ಬಣ್ಣ_ಬದಲಿಸು()

ಇಲ್ಲಿ ಟೈಮರ್ ನೋಡ್ ಬಿಟ್ಟು ಡೆಲ್ಟಾ ಆರಿಸಿದ್ದಕ್ಕೆ ಕಾರಣ ಆ ಉರಿ ಎಂಬ ವೇರಿಯೇಬಲ್. ಆಟಗಾರ ಸ್ಟೋವ್ ಸಣ್ಣ ಮಾಡಿದರೆ ಉರಿ 0.5 ಆಗುತ್ತದೆ, ಬೇಯುವ ವೇಗ ಅಲ್ಲಿಂದಲೇ ಅರ್ಧಕ್ಕೆ ಇಳಿಯುತ್ತದೆ. ಸ್ಟೋವ್ ನಂದಿಸಿದರೆ 0. ಓಡುತ್ತಿರುವ ಟೈಮರ್ ನೋಡ್‌ನ ವೇಗವನ್ನು ಹೀಗೆ ನಡುವೆ ಬದಲಿಸಲು ಸುಲಭದ ದಾರಿಯಿಲ್ಲ. ಬೇಯುವುದು, ತಣಿಯುವುದು, ಇಂಧನ ತೀರುವುದು, ಹೀಗೆ ನಡುವೆ ವೇಗ ಬದಲಾಗುವ ಯಾವುದಕ್ಕೂ ಡೆಲ್ಟಾ ಕೂಡಿಸುವುದೇ ಸರಿ.

ದೊಡ್ಡ ಸಂಖ್ಯೆಯನ್ನು ಮೊದಲು ಪರೀಕ್ಷಿಸಬೇಕು. 8ನ್ನು ಮೇಲಿಟ್ಟರೆ 14 ದಾಟಿದ ಮಿರ್ಚಿಯೂ ಮೊದಲ ಇಫ್‌ಗೇ ಸಿಕ್ಕಿಬಿದ್ದು ಎಂದೂ ಸೀಯುವುದಿಲ್ಲ. ಕೊನೆಯ ಇಫ್ ಕೂಡ ಬಿಡುವಂತಿಲ್ಲ. ಸ್ಥಿತಿ ಬದಲಾಯಿತೇ ಎಂದು ನೋಡದೆ ನೇರವಾಗಿ ಸದ್ದು ಹಾಕಿದರೆ, ಸೀದ ಮಿರ್ಚಿಯ ಚರ್ರ್ ಸದ್ದು ಸೆಕೆಂಡಿಗೆ 60 ಸಲ ಮತ್ತೆ ಮೊದಲಿಂದ ಶುರುವಾಗಿ ಬರೀ ಗೊರಗೊರ ಕೇಳುತ್ತದೆ.

ಫ್ರೇಮ್ ಎಣಿಸಿ 480 ಆದಾಗ ಬೆಂದಿತು ಎಂದು ಬರೆಯುವವರಿಗೂ ಒಂದು ಮಾತು. 60 ಹರ್ಟ್ಸ್ ಪರದೆಯಲ್ಲಿ ಅದು 8 ಸೆಕೆಂಡ್. 144 ಹರ್ಟ್ಸ್ ಗೇಮಿಂಗ್ ಪರದೆಯಲ್ಲಿ 3.3 ಸೆಕೆಂಡ್. 30 ಫ್ರೇಮಿಗೆ ತಿಣುಕುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ 16.

ಬಾಣಲೆಯಿಂದ 0.25 ಸೆಕೆಂಡಿಗೊಮ್ಮೆ ಹೊಗೆಯ ಸುರುಳಿ ಏಳಬೇಕು ಎಂದುಕೊಳ್ಳಿ. ಮತ್ತೆ ಮತ್ತೆ ಆಗುವ ಕೆಲಸದ ಬರವಣಿಗೆ ಹೀಗೆ:

    ಹೊಗೆ_ಹೊತ್ತು += ಡೆಲ್ಟಾ
    ವೈಲ್ ಹೊಗೆ_ಹೊತ್ತು >= 0.25:
        ಹೊಗೆ_ಹೊತ್ತು -= 0.25
        ಹೊಗೆ_ಬಿಡು()

ಮೂರನೆಯ ಸಾಲಿನಲ್ಲಿ 0.25 ಕಳೆದಿದ್ದೇವೆ. ಸೊನ್ನೆಗೆ ತಂದಿದ್ದರೆ ಮಿಕ್ಕ ಚಿಲ್ಲರೆ ಸಮಯ ಪ್ರತಿ ಸಲವೂ ಬಿದ್ದುಹೋಗುತ್ತಿತ್ತು. 30 ಫ್ರೇಮಿನಲ್ಲಿ 0.25 ಸೆಕೆಂಡ್ ಎಂದರೆ ಏಳೂವರೆ ಫ್ರೇಮ್. ಸೊನ್ನೆ ಮಾಡುವ ಕೋಡ್ ಎಂಟನೆಯ ಫ್ರೇಮಿಗೆ ಕೆಲಸ ಮಾಡಿ ಉಳಿದ ಅರ್ಧ ಫ್ರೇಮನ್ನು ಮರೆಯುತ್ತದೆ. ನಿಮಿಷಕ್ಕೆ 240 ಆಗಬೇಕಿದ್ದದ್ದು 225 ಆಗುತ್ತದೆ. ಹೊಗೆಗಾದರೆ ನಡೆದೀತು. ಹಾಡಿನ ತಾಳಕ್ಕೆ ಹೊಂದಿಸಿದ್ದರೆ ಕೆಲವೇ ಸೆಕೆಂಡಿನಲ್ಲಿ ತಾಳ ತಪ್ಪುತ್ತದೆ.

ಈ ವೈಲ್ ಲೂಪ್ ಕಾಯುತ್ತಿಲ್ಲ, ಬಾಕಿ ತೀರಿಸುತ್ತಿದೆ, ಆದ್ದರಿಂದ ತೊಂದರೆಯಿಲ್ಲ. ಕಂಪ್ಯೂಟರ್ ಒಮ್ಮೆ ಎರಡು ಸೆಕೆಂಡ್ ಸಿಕ್ಕಿಕೊಂಡು ಬಿಟ್ಟರೂ, ಸೆಟ್ಟಿಂಗ್ ಬದಲಿಸದಿದ್ದರೆ ಗೋಡೋ ತಾನೇ ಡೆಲ್ಟಾವನ್ನು ಸುಮಾರು 0.13 ಸೆಕೆಂಡಿಗೆ ಮಿತಿಗೊಳಿಸುತ್ತದೆ, ಸುರುಳಿಗಳು ರಾಶಿಯಾಗಿ ಏಳುವುದಿಲ್ಲ.

ಬಸ್ಸಿಗೆ ಟೈಮರ್ ನೋಡ್

ನಿಲ್ದಾಣದ ಸೀನ್ ತೆರೆದು, ಮೂಲ ನೋಡ್‌ನ ಕೆಳಗೆ ಟೈಮರ್ ನೋಡ್ ಸೇರಿಸಿ, ಬಸ್_ಟೈಮರ್ ಎಂದು ಹೆಸರಿಡಿ. ಇನ್‌ಸ್ಪೆಕ್ಟರ್‌ನಲ್ಲಿ (ನೋಡ್‌ನ ಸೆಟ್ಟಿಂಗ್ ಫಲಕ) ವೇಟ್ ಟೈಮ್ 40 ಮಾಡಿ. ವನ್ ಶಾಟ್ ಖಾಲಿ ಇರಲಿ, ಅದು ಖಾಲಿ ಇದ್ದರೆ ಟೈಮರ್ ತಾನಾಗಿ ಮತ್ತೆ ಮತ್ತೆ ಸುತ್ತುತ್ತದೆ. ಆಟೋಸ್ಟಾರ್ಟ್ ಟಿಕ್ ಮಾಡಿ. ಮೊದಲಿಗೆ ಅದು ಖಾಲಿ ಇರುತ್ತದೆ, ಟೈಮರ್ ಓಡುತ್ತಲೇ ಇಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಬಳಿಕ ಪಕ್ಕದ ನೋಡ್ ಟ್ಯಾಬಿಗೆ ಹೋಗಿ ಟೈಮೌಟ್ ಸಿಗ್ನಲ್ (ಹೊತ್ತು ಮುಗಿಯಿತು ಎಂಬ ಸೂಚನೆ) ಮೇಲೆ ಡಬಲ್ ಕ್ಲಿಕ್ ಮಾಡಿ ನಿಲ್ದಾಣದ ಸ್ಕ್ರಿಪ್ಟಿಗೆ ಜೋಡಿಸಿ. ಗೋಡೋ ಖಾಲಿ ಫಂಕ್ಷನ್ ಬರೆದುಕೊಡುತ್ತದೆ, ಅದರೊಳಗೆ ಬಸ್_ಬರಲಿ() ಎಂದು ಕರೆಯಿರಿ.

ಈಗ ಆಟ ಓಡಿಸಿದರೆ ಮೊದಲ 40 ಸೆಕೆಂಡ್ ರಸ್ತೆ ಖಾಲಿ. ಟೈಮರ್ ಮೊದಲು ಕಾಯುತ್ತದೆ, ಆಮೇಲೆ ಸಿಗ್ನಲ್ ಕೊಡುತ್ತದೆ. ಮೊದಲ ಬಸ್ ಕೂಡಲೇ ಬೇಕಿದ್ದರೆ _ರೆಡಿ ಫಂಕ್ಷನ್ನಿನಲ್ಲಿ ಒಮ್ಮೆ ಬಸ್_ಬರಲಿ() ಕರೆಯಬೇಕು.

ಪ್ರತಿ ಬಸ್ಸೂ ಕರಾರುವಾಕ್ಕಾಗಿ 40 ಸೆಕೆಂಡಿಗೆ ಬಂದರೆ ಆಟಗಾರ ಮೂರನೇ ಬಸ್ಸಿಗೇ ಲೆಕ್ಕ ಕಂಡುಕೊಳ್ಳುತ್ತಾನೆ. 35ರಿಂದ 45ರ ನಡುವೆ ಹೊಯ್ದಾಡಿಸುವುದು ಒಳ್ಳೆಯದು. ಇದಕ್ಕಾಗಿ ಟೈಮೌಟ್ ಫಂಕ್ಷನ್ನಿನೊಳಗೆ ವೇಟ್_ಟೈಮ್ ಬದಲಿಸಿದರೆ ಹೊಸ ಸಂಖ್ಯೆ ಮುಂದಿನ ಸುತ್ತಿಗೆ ಲಾಗುವಾಗದೆ ಅದರಾಚೆಯ ಸುತ್ತಿಗೆ ಲಾಗುವಾಗುತ್ತದೆ. ಸುತ್ತುವ ಟೈಮರ್ ಸಿಗ್ನಲ್ ಕೊಡುವ ಮೊದಲೇ ಹಳೆಯ ವೇಟ್_ಟೈಮ್ ತುಂಬಿಕೊಂಡು ಮುಂದಿನ ಸುತ್ತು ಶುರು ಮಾಡಿರುತ್ತದೆ. ವನ್ ಶಾಟ್ ಟಿಕ್ ಮಾಡಿ, ಪ್ರತಿ ಟೈಮೌಟ್‌ನಲ್ಲಿ ನೀವೇ ಮತ್ತೆ ಶುರು ಮಾಡಿ:

    $ಬಸ್_ಟೈಮರ್.ಸ್ಟಾರ್ಟ್(ರ‍್ಯಾಂಡ್‌ಎಫ್_ರೇಂಜ್(35.0, 45.0))

ಸ್ಟಾರ್ಟ್ ಒಳಗೆ ಸಂಖ್ಯೆ ಕೊಟ್ಟರೆ ಅದು ವೇಟ್_ಟೈಮ್ ಆಗಿಯೇ ಉಳಿಯುತ್ತದೆ. ಒಮ್ಮೆ ಸ್ಟಾರ್ಟ್(5.0) ಎಂದು ಕರೆದು, ಇನ್ನೊಂದು ಕಡೆ ಬರೀ ಸ್ಟಾರ್ಟ್() ಎಂದು ಕರೆದರೆ ಎರಡನೆಯದೂ 5 ಸೆಕೆಂಡಿನದೇ, ಇನ್‌ಸ್ಪೆಕ್ಟರಿನ 40 ಮರಳಿ ಬರುವುದಿಲ್ಲ. ಸ್ಟಾರ್ಟ್ ಅನ್ನು _ಪ್ರೊಸೆಸ್ ಒಳಗೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಪ್ರತಿ ಫ್ರೇಮಿಗೂ ಟೈಮರ್ ಮೊದಲಿಂದ ಶುರುವಾಗಿ ಬಸ್ ಎಂದೂ ಬರುವುದಿಲ್ಲ. ಇಫ್ $ಬಸ್_ಟೈಮರ್.ಇಸ್_ಸ್ಟಾಪ್ಡ್() ಎಂಬ ಕಾವಲು ಇಟ್ಟರೆ ಸರಿಹೋಗುತ್ತದೆ, ಆದರೂ ಸ್ಟಾರ್ಟ್ ಇರಬೇಕಾದ ಜಾಗ _ಪ್ರೊಸೆಸ್ ಅಲ್ಲವೇ ಅಲ್ಲ.

0.05 ಸೆಕೆಂಡಿಗಿಂತ ಚಿಕ್ಕ ಕಾಲಾವಧಿಗೆ ಟೈಮರ್ ನೋಡ್ ಬಳಸಬೇಡಿ. ಅದು ಒಂದು ಫ್ರೇಮಿಗೆ ಒಂದೇ ಸಲ ಸಿಗ್ನಲ್ ಕೊಡಬಲ್ಲದು. 0.01 ಇಟ್ಟು ಸೆಕೆಂಡಿಗೆ 100 ಬರಲಿ ಎಂದರೆ 60 ಫ್ರೇಮಿನ ಆಟದಲ್ಲಿ 60 ಬರುತ್ತವೆ. ಅಂಥ ಕಡೆ ಮೇಲಿನ ಹೊಗೆಯ ಲೂಪ್ ಹಾಕಿ.

ಗಿರಾಕಿಗಳನ್ನು ಒಬ್ಬೊಬ್ಬರಾಗಿ ಇಳಿಸುವುದು

    ಫಂಕ್ ಇಳಿಸು(ಎಷ್ಟು):
        ಫಾರ್ ಐ ಇನ್ ರೇಂಜ್(ಎಷ್ಟು):
            ಗಿರಾಕಿ_ತರು()
            ಅವೇಟ್ ಗೆಟ್_ಟ್ರೀ().ಕ್ರಿಯೇಟ್_ಟೈಮರ್(0.6, ಫಾಲ್ಸ್).ಟೈಮೌಟ್
            ಇಫ್ ನಾಟ್ ಇಸ್_ಇನ್‌ಸೈಡ್_ಟ್ರೀ():
                ರಿಟರ್ನ್

ಅವೇಟ್ ಸಾಲು ಇಲ್ಲದಿದ್ದರೆ ನಾಲ್ವರೂ ಒಂದೇ ಫ್ರೇಮಿನಲ್ಲಿ, ಒಂದೇ ಜಾಗದಲ್ಲಿ ಒಬ್ಬರ ಮೇಲೊಬ್ಬರು ಹುಟ್ಟುತ್ತಾರೆ. ನೋಡುವವರಿಗೆ ಒಬ್ಬನೇ ಇಳಿದಂತೆ ಕಾಣುತ್ತದೆ, ಉಳಿದ ಮೂವರು ಎಲ್ಲಿ ಹೋದರು ಎಂದು ತಾಸುಗಟ್ಟಲೆ ಹುಡುಕುತ್ತೀರಿ. ಅವೇಟ್ ಇದ್ದಾಗ ಫಂಕ್ಷನ್ ಅಲ್ಲಿಗೆ ತಡೆದು, ಎಂಜಿನ್ನಿಗೆ ದಾರಿ ಬಿಟ್ಟು, 0.6 ಸೆಕೆಂಡ್ ಬಳಿಕ ಅದೇ ಸಾಲಿನಿಂದ ಮುಂದುವರಿಯುತ್ತದೆ. ಆಟ ಎಲ್ಲೂ ನಿಲ್ಲುವುದಿಲ್ಲ.

ಎರಡನೆಯ ಸ್ಥಾನದ ಆ ಫಾಲ್ಸ್ ಬಿಡಬೇಡಿ. ಕ್ರಿಯೇಟ್_ಟೈಮರ್ ಮಾಡಿಕೊಡುವ ಟೈಮರ್, ಹಾಗೇ ಬಿಟ್ಟರೆ, ಆಟ ಪಾಸ್ ಆದಾಗಲೂ ಓಡುತ್ತಿರುತ್ತದೆ. ಟೈಮರ್ ನೋಡ್ ಹಾಗಲ್ಲ, ಅದು ಆಟದೊಂದಿಗೆ ನಿಲ್ಲುತ್ತದೆ. ಫಾಲ್ಸ್ ಕೊಡದಿದ್ದರೆ ಆಟಗಾರ ಫೋನ್ ಬಂತೆಂದು ಪಾಸ್ ಒತ್ತಿ ಹೋಗಿ ಬರುವಷ್ಟರಲ್ಲಿ ನಾಲ್ವರೂ ಬಸ್ಸಿನ ಬಾಗಿಲಲ್ಲಿ ರಾಶಿಬಿದ್ದಿರುತ್ತಾರೆ.

ಕೊನೆಯ ಎರಡು ಸಾಲು ಸೀನ್ ಬದಲಾದಾಗಿನ ರಕ್ಷಣೆ. ಕಾಯುತ್ತಿರುವಾಗ ಈ ನೋಡ್ ಟ್ರೀಯಿಂದ (ಆಟದಲ್ಲಿ ಆಗ ಇರುವ ನೋಡ್‌ಗಳ ವೃಕ್ಷದಿಂದ) ಹೊರಬಿದ್ದರೆ ಮುಂದಿನ ಸುತ್ತಿನಲ್ಲಿ ಗೆಟ್_ಟ್ರೀ() ಏನೂ ಕೊಡುವುದಿಲ್ಲ, ಆಟ ದೋಷ ತೋರಿಸಿ ನಿಲ್ಲುತ್ತದೆ.

ಇಳಿಸು(4) ಎಂದು ಬರೀ ಕರೆದರೆ ಕರೆದವರು ಕಾಯದೆ ಮುಂದೆ ಹೋಗುತ್ತಾರೆ, ಮೊದಲನೆಯವ ಇಳಿಯುತ್ತಿದ್ದಂತೆ ಬಾಗಿಲು ಮುಚ್ಚಿಬಿಡುತ್ತದೆ. ಅವೇಟ್ ಇಳಿಸು(4) ಎಂದು ಬರೆದು, ಅದರ ಕೆಳಗೆ ಬಾಗಿಲು_ಮುಚ್ಚು() ಇಡಿ.

ಕಲಸುವ ಹೊತ್ತಿಗೆ ಗಿರಾಕಿ ಹೋದರೆ?

ಗಿರ್ಮಿಟ್ ಮೊದಲೇ ಕಲಸಿಟ್ಟರೆ ಚುರುಮುರಿ ಮೆತ್ತಗಾಗುತ್ತದೆ. ಹಾಗಾಗಿ ಗಿರಾಕಿ ಕೇಳಿದ ಮೇಲೇ ಕಲಸಬೇಕು, ಕಲಸಲು 2 ಸೆಕೆಂಡ್. ಆ 2 ಸೆಕೆಂಡಿನಲ್ಲಿ ಮೂರು ಅನಾಹುತ ಆಗಬಹುದು: ಗಿರಾಕಿ ಎದ್ದು ಹೋಗಬಹುದು, ಆಟಗಾರ ಮತ್ತೊಮ್ಮೆ ಗುಂಡಿ ಒತ್ತಬಹುದು, ಕಲಸುವುದನ್ನೇ ಕೈಬಿಡಬಹುದು.

    ವಾರ್ ಚೀಟಿ = 0

    ಫಂಕ್ ಕಲಸು(ಗಿರಾಕಿ):
        ಚೀಟಿ += 1
        ವಾರ್ ನನ್ನ_ಚೀಟಿ = ಚೀಟಿ
        ಅವೇಟ್ ಗೆಟ್_ಟ್ರೀ().ಕ್ರಿಯೇಟ್_ಟೈಮರ್(2.0, ಫಾಲ್ಸ್).ಟೈಮೌಟ್
        ಇಫ್ ನನ್ನ_ಚೀಟಿ != ಚೀಟಿ:
            ರಿಟರ್ನ್
        ಇಫ್ ನಾಟ್ ಇಸ್_ಇನ್‌ಸ್ಟನ್ಸ್_ವ್ಯಾಲಿಡ್(ಗಿರಾಕಿ):
            ರಿಟರ್ನ್
        ಗಿರಾಕಿ.ಪ್ಲೇಟ್_ತಗೋ()

ಕ್ಯೂ_ಫ್ರೀ (ನೋಡ್ ಅಳಿಸುವ ಆಜ್ಞೆ) ಆಗಿ ಹೋದ ಗಿರಾಕಿಯನ್ನು ಮುಟ್ಟಿದರೆ ಪ್ರೀವಿಯಸ್ಲಿ ಫ್ರೀಡ್ ಎಂಬ ದೋಷ ಬರುತ್ತದೆ. ಅದು ಬರುವುದು ಗಿರಾಕಿ ಸರಿಯಾಗಿ ಆ 2 ಸೆಕೆಂಡಿನೊಳಗೇ ಹೋದಾಗ ಮಾತ್ರ. ನೀವು ಹತ್ತು ಸಲ ಪರೀಕ್ಷಿಸಿದಾಗ ಕಾಣದ್ದು ಬೇರೆಯವರ ಕೈಯಲ್ಲಿ ಮೊದಲ ಸಲಕ್ಕೇ ಕಾಣಬಹುದು. ಅವೇಟ್ ದಾಟಿದ ಕೂಡಲೇ, ಹೊರಗಿನ ಯಾವ ನೋಡ್ ಮುಟ್ಟುವುದಿದ್ದರೂ, ಅದು ಇನ್ನೂ ಇದೆಯೇ ಎಂದು ಕೇಳುವುದನ್ನು ಕೈಗೆ ರೂಢಿ ಮಾಡಿಸಿ.

ಚೀಟಿ ಉಳಿದೆರಡನ್ನು ನೋಡಿಕೊಳ್ಳುತ್ತದೆ. ಒಮ್ಮೆ ಶುರುವಾದ ಅವೇಟನ್ನು ಹೊರಗಿನಿಂದ ರದ್ದು ಮಾಡುವ ಆಜ್ಞೆ ಇಲ್ಲ. ಆದ್ದರಿಂದ ಅದು ಎಚ್ಚರಾದಾಗ ತನ್ನ ಸರದಿ ಇನ್ನೂ ಉಳಿದಿದೆಯೇ ಎಂದು ತಾನೇ ನೋಡಿಕೊಳ್ಳಬೇಕು. ಗುಂಡಿ ಎರಡು ಸಲ ಒತ್ತಿದರೆ ಚೀಟಿ ಮುಂದಿನ ಸಂಖ್ಯೆಗೆ ಹೋಗಿ ಮೊದಲನೆಯದು ಸುಮ್ಮನೆ ಮರಳುತ್ತದೆ, ಒಂದೇ ಪ್ಲೇಟ್ ಹೋಗುತ್ತದೆ. ಕೈಬಿಡಲು ಚೀಟಿ += 1 ಎಂಬ ಒಂದು ಸಾಲು ಸಾಕು.

ತಾಳ್ಮೆ, ಮತ್ತು ಸರದಿ

ಗಿರಾಕಿಯ ತಾಳ್ಮೆಗೆ ಗಿರಾಕಿಯ ಸೀನಿನೊಳಗೇ ಒಂದು ಟೈಮರ್ ನೋಡ್ ಇಡಿ: 30 ಸೆಕೆಂಡ್, ವನ್ ಶಾಟ್. ಗಿರಾಕಿ ಅಳಿದಾಗ ಟೈಮರೂ ಅಳಿಯುತ್ತದೆ, ನಿಲ್ಲಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಬಗೆಹರಿಯಿತು. ಎಲ್ಲರ ತಾಳ್ಮೆಯನ್ನೂ ಗಾಡಿಯ ಸ್ಕ್ರಿಪ್ಟಿನಲ್ಲಿ ಇಟ್ಟುಕೊಂಡರೆ ಯಾರು ಹೋದರು, ಯಾರದು ಉಳಿಯಿತು ಎಂಬ ಲೆಕ್ಕ ನಿಮ್ಮ ತಲೆಗೆ ಬರುತ್ತದೆ. ತಾಳ್ಮೆಯ ಪಟ್ಟಿ ತೋರಿಸಲು ಟೈಮ್_ಲೆಫ್ಟ್ ಅನ್ನು ವೇಟ್_ಟೈಮ್‌ನಿಂದ ಭಾಗಿಸಿದರೆ 1ರಿಂದ 0ಗೆ ಇಳಿಯುವ ಸಂಖ್ಯೆ ಸಿಗುತ್ತದೆ.

ಆ ಸಂಖ್ಯೆ 0.6ಕ್ಕೆ ಇಳಿದಾಗ ಗಿರಾಕಿ ಆಡುವ ಮಾತು "ಅಣ್ಣಾರ, ನಂದು ಆತೇನ್ರಿ?", 0.25ಕ್ಕೆ "ಇನ್ನಾ ಎಷ್ಟೊತ್ತು ನಿಂದರೂದ್ರಿ?", ಟೈಮೌಟ್ ಆದಾಗ "ಬ್ಯಾಡ ಬಿಡ್ರಿ, ನಾ ಹೊಂಟೆ." ಯಾವ ಮಾತು ಆಡಿಯಾಯಿತು ಎಂದು ಒಂದು ಸಂಖ್ಯೆಯಲ್ಲಿ ನೆನಪಿಡಿ, ಇಲ್ಲವಾದರೆ 0.6ರ ಕೆಳಗಿನ ಪ್ರತಿ ಫ್ರೇಮಿನಲ್ಲೂ ಅದೇ ಮಾತು ಮರುಕಳಿಸುತ್ತದೆ. ಟೈಮ್_ಲೆಫ್ಟ್ ಸರಿಯಾಗಿ 18.0 ಆದಾಗ ಎಂದು ಸಮ ಚಿಹ್ನೆ ಹಾಕಿ ಕಾಯಬೇಡಿ. ಫ್ರೇಮುಗಳು 18.01ರಿಂದ 17.99ಕ್ಕೆ ಜಿಗಿಯುತ್ತವೆ, 18.0 ಸಿಗುವುದೇ ಇಲ್ಲ. ಯಾವಾಗಲೂ ಕಡಿಮೆ-ಅಥವಾ-ಸಮ.

ಬೇಸತ್ತವರನ್ನು ಸರದಿಯಿಂದ ತೆಗೆಯುವ ಲೂಪ್ ಹಿಂದಿನಿಂದ ಮುಂದಕ್ಕೆ ಓಡಲಿ:

    ಫಾರ್ ಐ ಇನ್ ರೇಂಜ್(ಸರದಿ.ಸೈಜ್() - 1, -1, -1):
        ಇಫ್ ಸರದಿ[ಐ].ಬೇಸತ್ತ:
            ಸರದಿ[ಐ].ಕ್ಯೂ_ಫ್ರೀ()
            ಸರದಿ.ರಿಮೂವ್_ಅಟ್(ಐ)

ಮುಂದಿನಿಂದ ಓಡಿಸಿದರೆ 2ನೇ ಸ್ಥಾನದವನನ್ನು ತೆಗೆದ ಕೂಡಲೇ 3ನೇಯವನು 2ಕ್ಕೆ ಸರಿಯುತ್ತಾನೆ, ಲೂಪ್ 3ಕ್ಕೆ ಹೋಗುತ್ತದೆ, ಸರಿದವನನ್ನು ಯಾರೂ ನೋಡುವುದಿಲ್ಲ. ಒಟ್ಟಿಗೆ ಬಂದ ಇಬ್ಬರು ಒಟ್ಟಿಗೆ ಬೇಸತ್ತಾಗ ಮಾತ್ರ ಈ ತಪ್ಪು ಕಾಣುತ್ತದೆ.

ಕನ್ನಡ ಮಾತನ್ನು ಅಕ್ಷರಕ್ಷರವಾಗಿ ತೋರಿಸುವುದು

ಸಂಭಾಷಣೆಯನ್ನು ಟೈಪ್ ಆಗುತ್ತಿರುವಂತೆ ತೋರಿಸುವುದು ಲೂಪ್ ಮತ್ತು ಟೈಮರ್ ಕೂಡಿದ ಕೆಲಸ. ಇಂಗ್ಲಿಷಿಗಾಗಿ ಬರೆದ ಪಾಠಗಳೆಲ್ಲ ಲೇಬಲ್‌ನ ವಿಸಿಬಲ್_ಕ್ಯಾರೆಕ್ಟರ್ಸ್ (ಎಷ್ಟು ಸಂಕೇತ ಕಾಣಬೇಕು ಎಂಬ ಸಂಖ್ಯೆ) ಅನ್ನು ಒಂದೊಂದಾಗಿ ಏರಿಸಿ ಎನ್ನುತ್ತವೆ. ಕನ್ನಡಕ್ಕೆ ಅದು ಹೊಂದುವುದಿಲ್ಲ. "ಗಿರ್ಮಿಟ್" ನೋಡುವುದಕ್ಕೆ ಮೂರೇ ಅಕ್ಷರ, ಕಂಪ್ಯೂಟರಿಗೆ ಎಂಟು ಸಂಕೇತ: ಗ, ಗುಡಿಸು, ರ, ವಿರಾಮ, ಮ, ಗುಡಿಸು, ಟ, ವಿರಾಮ. ಒಂದೊಂದಾಗಿ ತೋರಿಸಿದರೆ ಮೊದಲು ಗ ಬಂದು ಗಿ ಆಗುತ್ತದೆ, ಪಕ್ಕದಲ್ಲಿ ಪೂರ್ತಿ ರ ಮೂಡಿ ರ್ ಆಗುತ್ತದೆ, ಮ ಬಂದ ಕೂಡಲೇ ಆ ರ್ ಮಾಯವಾಗಿ ಅರ್ಕಾವತ್ತಾಗಿ ಬಲಕ್ಕೆ ಜಿಗಿಯುತ್ತದೆ. ಸಾಲು ಪೂರಾ ಹೀಗೆ ಕುಣಿದರೆ ಓದುವವರ ಕಣ್ಣು ನೋಯುತ್ತದೆ. ಕನ್ನಡದಲ್ಲಿ ಆಟ ಮಾಡುವವರು ಈ ಒಂದನ್ನು ಸರಿ ಮಾಡಿಕೊಂಡರೆ ಆಟದ ಅಂದವೇ ಬೇರೆ.

ಮೊದಲೇ ಎಲ್ಲೆಲ್ಲಿ ನಿಲ್ಲಬಹುದು ಎಂಬ ಪಟ್ಟಿ ಮಾಡಿಕೊಳ್ಳಿ:

    ಫಂಕ್ ತಂಗುದಾಣ(ಮಾತು):
        ವಾರ್ ಪಟ್ಟಿ = []
        ಫಾರ್ ಐ ಇನ್ ರೇಂಜ್(ಮಾತು.ಲೆಂಗ್ತ್()):
            ವಾರ್ ಈಗ = ಮಾತು.ಯೂನಿಕೋಡ್_ಅಟ್(ಐ)
            ವಾರ್ ಮುಂದೆ = 32
            ಇಫ್ ಐ + 1 < ಮಾತು.ಲೆಂಗ್ತ್():
                ಮುಂದೆ = ಮಾತು.ಯೂನಿಕೋಡ್_ಅಟ್(ಐ + 1)
            ಇಫ್ ಅಂಟುವುದು(ಮುಂದೆ):
                ಕಂಟಿನ್ಯೂ
            ಇಫ್ ಈಗ == 3277 ಅಂಡ್ ವ್ಯಂಜನ(ಮುಂದೆ):
                ಕಂಟಿನ್ಯೂ
            ಪಟ್ಟಿ.ಅಪೆಂಡ್(ಐ + 1)
        ರಿಟರ್ನ್ ಪಟ್ಟಿ

3277 ವಿರಾಮದ, ಅಂದರೆ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆಯ ಯೂನಿಕೋಡ್ ಸಂಖ್ಯೆ. ವ್ಯಂಜನ ಎಂಬ ಫಂಕ್ಷನ್ ಸಂಖ್ಯೆ 3221ರಿಂದ 3257ರ ಒಳಗಿದೆಯೇ ಎಂದು ನೋಡಲಿ. ಕ ಇಂದ ಹ ತನಕ ಅಲ್ಲಿವೆ. ಅಂಟುವುದು ಎಂಬುದು 3262ರಿಂದ 3277 (ಕಾಗುಣಿತದ ಚಿಹ್ನೆಗಳು, ವಿರಾಮ), 3285, 3286 (ದೀರ್ಘದ ಗುರುತು), 3202 (ಸೊನ್ನೆ), 3203 (ವಿಸರ್ಗ) ಮತ್ತು 8204, 8205 ಇವುಗಳಿಗೆ ಹೌದು ಎನ್ನಲಿ. ಕೊನೆಯ ಎರಡು ಕಣ್ಣಿಗೆ ಕಾಣದ ಸಂಕೇತಗಳು. "ಬಸ್‌ಗೆ" ಎಂದು ಬರೆಯುವಾಗ ಗ ಒತ್ತಕ್ಷರವಾಗದಂತೆ ತಡೆಯುವುದು 8204. ಅವನ್ನು ಬಿಟ್ಟರೆ "ಬಸ್‌ಗೆ" ಬರುವಾಗ ಒಂದು ಟಿಕ್ ಏನೂ ಕಾಣದೆ ಕಳೆದು ಮಾತು ಮುಗ್ಗರಿಸಿದಂತಾಗುತ್ತದೆ.

"ಗಿರ್ಮಿಟ್"ಗೆ ಈ ಫಂಕ್ಷನ್ ಕೊಡುವ ಪಟ್ಟಿ 2, 6, 8. ಪದದ ಕೊನೆಯ ಟ್‌ಗೆ ಮುಂದೆ ವ್ಯಂಜನವಿಲ್ಲ, ಹಾಗಾಗಿ ಅದು ಅಲ್ಲೇ ಮುಗಿಯುತ್ತದೆ. ಇನ್ನು ಲೂಪ್ ಸರಳ: ಪಟ್ಟಿಯ ಪ್ರತಿ ಸಂಖ್ಯೆಗೂ ವಿಸಿಬಲ್_ಕ್ಯಾರೆಕ್ಟರ್ಸ್ ಅಷ್ಟಕ್ಕೆ ಏರಿಸಿ, 0.07 ಸೆಕೆಂಡ್ ಅವೇಟ್. ಆಟಗಾರ ಒತ್ತಿದರೆ ಚೀಟಿ ಏರಿಸಿ, ವಿಸಿಬಲ್_ಕ್ಯಾರೆಕ್ಟರ್ಸ್ -1 ಮಾಡಿ. ಆಗ ಪೂರ್ತಿ ಮಾತು ಒಮ್ಮೆಲೇ ಕಾಣುತ್ತದೆ.

ಲೇಬಲ್‌ನಲ್ಲಿ ಸಾಲು ಮುರಿಯುವ ವ್ಯವಸ್ಥೆ ಇದ್ದರೆ ಇನ್‌ಸ್ಪೆಕ್ಟರ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನು ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್‌ಗೆ ಬದಲಿಸಿ. ಮೊದಲಿರುವ ಆಯ್ಕೆಯಲ್ಲಿ ಸಾಲಿನ ಕೊನೆಯ ಪದ ಉದ್ದವಾಗುತ್ತಾ ಹೋಗಿ ನಡುವೆಯೇ ಕೆಳಗಿನ ಸಾಲಿಗೆ ಹಾರುತ್ತದೆ. ಫಾಂಟ್ ಕೂಡ ನೀವೇ ಕೊಡಬೇಕು, ನೋಟೋ ಸಾನ್ಸ್ ಕನ್ನಡ ಸಾಕು. ಕೊಡದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ವ್ಯವಸ್ಥೆಯ ಫಾಂಟ್ ಹಿಡಿದು ಕನ್ನಡ ಕಂಡರೂ ಬ್ರೌಸರಿಗೆ ಎಕ್ಸ್‌ಪೋರ್ಟ್ ಮಾಡಿದಾಗ ಚೌಕಗಳು ಕಾಣುತ್ತವೆ. ಇನ್ನೂ ಗೋಡೋ 3ರಲ್ಲಿ ಇರುವವರು ಕನ್ನಡಕ್ಕಾಗಿಯಾದರೂ 4ಕ್ಕೆ ಬನ್ನಿ. ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆ ಬಂದದ್ದು 2023ರ ಮಾರ್ಚ್‌ನಲ್ಲಿ ಹೊರಬಂದ 4.0ರಿಂದ.

ಪಾಸ್, ನಿಧಾನ, ಪರೀಕ್ಷೆ

ಗೆಟ್_ಟ್ರೀ().ಪಾಸ್ಡ್ = ಟ್ರೂ ಎಂದರೆ ಸಾಮಾನ್ಯ ನೋಡ್‌ಗಳ _ಪ್ರೊಸೆಸ್, ಟೈಮರ್ ನೋಡ್ ಎರಡೂ ನಿಲ್ಲುತ್ತವೆ. ಪಾಸ್ ಮೆನುವಿನ ಪ್ರೊಸೆಸ್ ಮೋಡ್ ಮಾತ್ರ ಆಲ್ವೇಸ್ ಅಥವಾ ವೆನ್ ಪಾಸ್ಡ್ ಇರಲಿ. ಇಲ್ಲವಾದರೆ ಮೆನುವೂ ನಿಂತು, ಆಟ ಮುಂದುವರಿಸುವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಗೆಟ್_ಟಿಕ್ಸ್_ಎಂಸೆಕ್ ಪಾಸ್ ಆದಾಗಲೂ ಓಡುತ್ತದೆ, ಇಡೀ ಆಟದ ವೇಗ ಹೆಚ್ಚು ಕಡಿಮೆ ಮಾಡುವ ಎಂಜಿನ್.ಟೈಮ್_ಸ್ಕೇಲ್ ಬದಲಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ತಾಳ್ಮೆಯಂಥ ಆಟದ ಸಮಯಕ್ಕೆ ಅದನ್ನು ಬಳಸಬೇಡಿ, ಕೋಡಿನ ವೇಗ ಅಳೆಯಲು ಬಳಸಿ.

ಪರೀಕ್ಷೆಗೆ ಎಂಜಿನ್.ಟೈಮ್_ಸ್ಕೇಲ್ 4 ಮಾಡಿದರೆ 40 ಸೆಕೆಂಡಿನ ಬಸ್ಸು 10 ಸೆಕೆಂಡಿಗೆ ಬರುತ್ತದೆ, ಹತ್ತು ನಿಮಿಷದ ಆಟ ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಬಳಿಕ ಅದನ್ನು 1ಕ್ಕೆ ತಂದು ಎಂಜಿನ್.ಮ್ಯಾಕ್ಸ್_ಎಫ್‌ಪಿಎಸ್ 20 ಮಾಡಿ ಆಡಿ: ಮಿರ್ಚಿ ಇನ್ನೂ 8 ಸೆಕೆಂಡಿಗೇ ಬೇಯುತ್ತಿದೆಯೇ ಎಂದು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ. ಬಾಗಿಲು ತೆರೆದಿರುವಾಗ ಪಾಸ್ ಒತ್ತಿ ಒಂದು ನಿಮಿಷ ಬಿಡಿ. ಮರಳಿದಾಗ ಇಳಿಯಬೇಕಾದವರು ಇನ್ನೂ ಬಸ್ಸಿನೊಳಗೇ ಇರಬೇಕು. ತಾಳ್ಮೆ ಒಂದು ಸೆಕೆಂಡ್ ಉಳಿದಿರುವ ಗಿರಾಕಿಗೆ ಕಲಸಲು ಶುರು ಮಾಡಿ. ಕಲಸುವ ಗುಂಡಿಯನ್ನು ಬಿಡದೆ ಹತ್ತು ಸಲ ಒತ್ತಿ, ಪ್ಲೇಟ್ ಒಂದೇ ಹೋಗಬೇಕು. ಬಸ್ ನಿಂತಿರುವಾಗಲೇ ಮೊದಲ ಮೆನುವಿಗೆ ಮರಳಿ, ಕೆಳಗಿನ ಔಟ್‌ಪುಟ್ ಫಲಕದಲ್ಲಿ ಕೆಂಪು ಸಾಲು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅದು ತೋರಿಸುವ ಕೋಡ್ ಸಾಲಿನ ಮೇಲೆ ಇರುವ ಅವೇಟ್‌ನ ಕೆಳಗೆ ಕಾವಲಿನ ಇಫ್ ಸೇರಿಸುವುದು ಬಾಕಿ ಇದೆ.